ಚನ್ನವೀರ ಮುತ್ತಜ್ಜನ ಕಾರಿನ ಬ್ರೇಕು

ಧಾರವಾಡ, ೨೧೧೯ನೇ ಇಸವಿ, ಫೆಬ್ರವರಿ ಮೂವತ್ತು

ಚನ್ನವೀರ ಮುತ್ತಜ್ಜನವರಿಗೆ,

ತಾರೀಖು ತಪ್ಪಿಲ್ಲ, ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಇದೊಂದಕ್ಕೇ ನಾನು ನಿಮ್ಮಲ್ಲಿ ಕ್ಷಮೆ ಕೇಳುವುದು. ನಾನು ನಿಮ್ಮ ತಂಗಿ ರೋಹಿಣಿಯ ಮರಿಮೊಮ್ಮಗಳು, ನೀಲಾಂಬಿಕೆ.

ಇಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ. ಬಾಗಿಲಿಗೆ ತಾನೇ ಬಂದು, ಕೂರಿಸಿಕೊಂಡು ಹೋಗುವ ಗಾಡಿಗೆ ‘ತಾನೋಟ’ ಎನ್ನುತ್ತೇವೆ. ಅದರಲ್ಲಿ ರೊಟ್ಟಿ ತಿಂದು ಮುಗಿಸುವಷ್ಟರಲ್ಲಿ ಹುಬ್ಬಳ್ಳಿ ಬಂದಿರುತ್ತದೆ. ಬ್ರೇಕ್ ಎಂದರೆ ಏನೆಂದು ಮಕ್ಕಳಿಗೆ ಗೊತ್ತಿಲ್ಲ. ನನಗೆ ಗೊತ್ತು. ಹಳೆಯ ಕಾರುಗಳನ್ನು ಬಿಚ್ಚಿ ಸರಿಪಡಿಸುವುದು ನನ್ನ ಕೆಲಸ. ಹೋದ ತಿಂಗಳು, ತಾಡಪಾಲು ಹೊದ್ದು ಕೂತಿದ್ದ ನಿಮ್ಮ ಕೆಂಪು ಕಾರು ನನ್ನ ಕೈಗೆ ಬಂತು.

ಸಾಮಾನ್ಯರ ಕೈಗೆಟುಕುವ ಪುಟ್ಟ ಕಾರು, ಆದರೆ ಚುರುಕು. ನಿಮಗೆ ಅದು ಸಾಲಲಿಲ್ಲ. ಮೆಕ್ಯಾನಿಕ್ ದಸ್ತಗೀರ್ ಅವರ ಕೈಯಿಂದ ಟರ್ಬೊ ಒತ್ತಡ ಏರಿಸಿದಿರಿ, ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿದಿರಿ, ಸೈಲೆನ್ಸರ್ ಬದಲಿಸಿದಿರಿ. ಆಗ ರೋಹಿಣಿ ಅಲ್ಲೇ ನಿಂತಿದ್ದಳು. ಮುಪ್ಪಿನಲ್ಲಿ ಎಲ್ಲವನ್ನೂ ಧ್ವನಿಮುದ್ರಿಸಿ ಇಟ್ಟುಹೋಗಿದ್ದಾಳೆ.

“ಸಾಹೇಬ್ರ, ಓಡೂದು ನಾ ಮಾಡಿಕೊಟ್ಟೀನಿ. ನಿಲ್ಲೂದು ಯಾರು ಮಾಡ್ತಾರ? ಮೊದಲ ಹೊಸಾ ಬ್ರೇಕ್ ಹಾಕಸ್ರಿ,” ಎಂದಿದ್ದರು ದಸ್ತಗೀರ್.

ಭಾನುವಾರ ಬೆಳಿಗ್ಗೆ ಕಾರು ಹತ್ತುವ ಮೊದಲು ಅವಳು ಕೇಳಿದಳು: “ಅಣ್ಣಾ, ಬ್ರೇಕ್ ಹಾಕ್ಸಿದ್ಯೇನು?”

“ಹಾಕ್ಸೀನಿ, ಬಾ,” ಎಂದಿರಿ.

ಸವದತ್ತಿ ರಸ್ತೆಯ ತಿರುವಿನಲ್ಲಿ ಕಾರು ನಿಲ್ಲದೆ ಸೇತುವೆಯ ಗೋಡೆಗೆ ಬಡಿಯಿತು. ವಿಶ್ವವಿದ್ಯಾಲಯದ ವಾಲಿಬಾಲ್ ತಂಡಕ್ಕೆ ಆಗಷ್ಟೇ ಆಯ್ಕೆಯಾಗಿದ್ದ ರೋಹಿಣಿಯ ಬಲ ಮೊಣಕಾಲು ಪುಡಿಯಾಯಿತು. ತಲೆಗೆ ಪೆಟ್ಟಾಗಿ ಆ ಕ್ಷಣದ ನೆನಪೇ ಅವಳಿಗೆ ಉಳಿಯಲಿಲ್ಲ. ಆ ಖಾಲಿ ಜಾಗದಲ್ಲಿ ನೀವು ಸುಳ್ಳು ತುಂಬಿದಿರಿ. “ಆಕಿ ಹೆದರಿ ಸ್ಟೇರಿಂಗ್ ಎಳದ್ಲು” ಎಂದು ಮನೆಮಂದಿಗೆಲ್ಲ ಹೇಳಿದಿರಿ.

ಅವಳು ನಂಬಿದಳು. ಅರವತ್ತು ವರ್ಷ ಕಾರಿನ ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಸಾಯುವ ವಾರವೂ “ಅಣ್ಣನ ಕಾರು ನಾನ ಹಾಳ ಮಾಡಿದೆ” ಎನ್ನುತ್ತಿದ್ದಳಂತೆ.

ನಾನು ಚಕ್ರ ಬಿಚ್ಚಿದೆ. ಒಳಗೆ ಹಳೆಯ ಬ್ರೇಕುಗಳೇ ಇದ್ದವು, ಸವೆದು ತಗಡಾಗಿದ್ದವು. ಕಾರಿನ ಕಂಪ್ಯೂಟರ್‌ನಲ್ಲಿ ಗೋಡೆಗೆ ಬಡಿಯುವ ಮೊದಲಿನ ಐದು ಸೆಕೆಂಡಿನ ದಾಖಲೆ ಹಾಗೇ ಉಳಿದಿತ್ತು. ನಿಮ್ಮ ಕಾಲು ಬ್ರೇಕನ್ನು ಪೂರ್ತಿ ಒತ್ತಿತ್ತು. ಸ್ಟೇರಿಂಗ್ ರಸ್ತೆ ತಿರುಗಿದ ಕಡೆಗೇ ತಿರುಗಿತ್ತು. ಅದನ್ನು ಯಾರೂ ಎಳೆದಿರಲಿಲ್ಲ. ಓದಿ ಮುಗಿಸಿ, ಸಿಟ್ಟಿನಲ್ಲೇ ಈ ಪತ್ರ ಬರೆಯಲು ಕೂತೆ. ವೇಗದ ಹುಚ್ಚನ್ನು ಕ್ಷಮಿಸಬಲ್ಲೆ, ಸೋಮಾರಿತನವನ್ನೂ. ಮೊಣಕಾಲು ಕಳೆದುಕೊಂಡವಳ ಮೇಲೆಯೇ ತಪ್ಪು ಹೊರಿಸಿದ್ದನ್ನು ಹೇಗೆ ಕ್ಷಮಿಸಲಿ?

ಆ ಭಾನುವಾರಕ್ಕಿಂತ ಮೊದಲು ಈ ಪತ್ರವನ್ನು ಮುಟ್ಟಿಸುವ ಶಕ್ತಿ, ಹಿಂದಿನ ಕಾಲಕ್ಕೆ ಪತ್ರ ಕಳಿಸುವ ನಮ್ಮ ಯಂತ್ರಕ್ಕಿಲ್ಲ. ಅವಳು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಇದು ನಿಮ್ಮ ಕೈಸೇರುತ್ತದೆ. ಮೊಣಕಾಲು ಹೋಯಿತು, ಅದಿನ್ನು ಬರುವುದಿಲ್ಲ. ಆದರೆ ಅವಳು ಈಗ ಪಕ್ಕದ ಕೋಣೆಯಲ್ಲೇ ಇದ್ದಾಳೆ. ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮನ್ನು ಒಳಗೆ ಕರೆದು, ಅಳುತ್ತಾ ಕ್ಷಮೆ ಕೇಳುತ್ತಾಳೆ. ಅವಳು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ, ನಿಜ ಹೇಳಿ.

— ನೀಲಾಂಬಿಕೆ