ಕೆಂಪು ಗುರುತಿನ ಮೇಲೆ ಎದ್ದ ಕಾಯಿ

ಹೆಗ್ಗೋಡು
12 ನವೆಂಬರ್ 2024

ಶ್ರೀಕರಾ,

ಮೇಲೆ ‘ಪ್ರೀತಿಯ’ ಅಂತ ಬರೆದು ಹೊಡೆದು ಹಾಕಿದ್ದು ಕಾಣುತ್ತಿದೆಯಲ್ಲ? ಕಾಣಲಿ ಅಂತಲೇ ಹಾಗೆ ಬಿಟ್ಟಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದವನ್ನು ಪೂರ್ತಿ ಓದಲೇಬೇಕು.

ದಿನಾ ಫೋನು ಮಾಡಿ ಊಟ ಆಯಿತಾ, ಅಮ್ಮನ ಮಂಡಿನೋವು ಹೇಗಿದೆ, ಚೆನ್ನೈಗೆ ಯಾವಾಗ ಬರುತ್ತೀಯ ಅಂತ ಕೇಳುತ್ತೀಯ. ಸಮುದ್ರದಲ್ಲಿ ಕೊರೆಯುವ ಎಣ್ಣೆಬಾವಿಯ ಮಾತೆತ್ತಿದರೆ ಸಿಗ್ನಲ್ ಹೋಗುತ್ತದೆ. ನನಗೆ ಬೇಕಿರುವುದು ಅದೊಂದೇ ಮಾತು. ಇಪ್ಪತ್ತನೇ ತಾರೀಕಿನ ಮೀಟಿಂಗಿನಲ್ಲಿ ಬಾವಿಯ ಜಾಗ ಖಾಯಂ ಆಗುತ್ತದೆ. ವರದಿಯಲ್ಲಿ ನಿನ್ನ ಹೆಸರಿನ ಕೆಳಗೆ ನನ್ನದೂ ಇದೆ. ಮ್ಯಾಪಿನಲ್ಲಿ ನೀನು ಹಾಕಿದ ಕೆಂಪು ಗುರುತಿನಲ್ಲಿ ಕೊರೆದು ಬರೀ ಜೇಡಿ ಬಂದರೆ, ಸಮುದ್ರತಳದ ಇಡೀ ಕಾಲುವೆಯೇ ದಂಡ ಅಂತ ಷರಾ ಬರೆದು ಕೈಬಿಡುತ್ತಾರೆ. ಪಕ್ಕದಲ್ಲಿರುವ ಮರಳನ್ನು ಮತ್ತೆ ಯಾರೂ ನೋಡುವುದಿಲ್ಲ. ಆ ಕಾಲುವೆಯನ್ನು ಹುಡುಕಿದವಳು ನಾನು. ಅಷ್ಟು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತದೆ.

ಮೊನ್ನೆ ರಿಪ್ಪನ್‌ಪೇಟೆಯಿಂದ ನಿನ್ನಪ್ಪ ಬಂದಿದ್ದರು. ಕಳಿಸಿದವರು ಯಾರು ಅಂತ ನಾನು ಕೇಳಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಶುರು ಮಾಡಿದರು. ನಮ್ಮ ಜಗಳ ಸಮುದ್ರದ ತಳಕ್ಕಿಂತಲೂ ಕೆಳಗಿದೆ ಮಾವ, ಉಂಡರೆ ಮುಗಿಯುವುದಿಲ್ಲ ಅಂದೆ. “ಎಂತ ಜಗಳ ಅದು, ತೋರ್ಸು ನೋಡನ” ಎಂದರು. ಮ್ಯಾಪು ಹಾಸಿದೆ.

ನಿನಗೆ ಪಾಠ ಹೇಳುತ್ತಿಲ್ಲ, ಅವರಿಗೆ ಹೇಳಿದ್ದನ್ನೇ ಬರೆಯುತ್ತೇನೆ. ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಮರಳಿನ ಪ್ರವಾಹ ಹರಿದು ಕಾಲುವೆ ಕೊರೆಯಿತು. ಮರಳು ನಿಂತು, ಮೇಲೆ ಜೇಡಿ ಮುಚ್ಚಿಕೊಂಡ ಕಡೆ ಎಣ್ಣೆಯೋ ಗ್ಯಾಸೋ ಸೇರಿರಬಹುದು. ಆದರೆ ನಿನ್ನ ಗುರುತಿರುವ ಈ ತಿರುವಿನಲ್ಲಿ ಆಮೇಲಿನ ಪ್ರವಾಹ ಮರಳನ್ನು ಕೊಚ್ಚಿ ಒಯ್ದಿದೆ, ಆ ಹಳ್ಳದ ತುಂಬ ಜೇಡಿ ಕೂತಿದೆ. ಮ್ಯಾಪಿನಲ್ಲಿ ತಿರುವು ಎಣ್ಣೆ ಇದ್ದ ಹಾಗೆ ಹೊಳೆಯುತ್ತದೆ, ನಿಜ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ. ಮರಳು ಇರುವುದು ಪೂರ್ವಕ್ಕೆ, ನನ್ನ ಹಸಿರು ಚುಕ್ಕೆಯ ಹತ್ತಿರ.

ಇಷ್ಟನ್ನೇ ನಾನು ಹಿಂದಿನ ಮೀಟಿಂಗಿನಲ್ಲೂ ಹೇಳಿದ್ದು. ದೊಡ್ಡ ಸಾಹೇಬರು ಆ ಹೊಳಪನ್ನೇ ನೋಡುತ್ತ ತಲೆದೂಗುತ್ತಿದ್ದರು. ನೀನು, ನಮ್ಮ ಮನೆಯವಳಿಗೆ ಸಾರಿಗೆ ಉಪ್ಪು ಹಾಕಲಿಕ್ಕೂ ಎರಡು ಸಲ ಯೋಚನೆ ಅಂದೆ. ಎಲ್ಲರೂ ನಕ್ಕರು. ಆ ಕೋಣೆಯಲ್ಲಿ ನಾನು ನಿನ್ನ ಮನೆಯವಳಾಗಿ ಕೂತಿರಲಿಲ್ಲ, ಶ್ರೀಕರಾ.

ಮಾವ ಎಲ್ಲ ಕೇಳಿ, ಅಮ್ಮನಿಗೆಂದು ತಂದಿದ್ದ ತೆಂಗಿನಕಾಯಿಯನ್ನು ಚೀಲದಿಂದ ತೆಗೆದರು. ನಿಮ್ಮೂರಿನಲ್ಲಿ ಅವರು ನೀರಿನ ಸೆಲೆ ನೋಡಲು ಕಾಯಿ ಹಿಡಿದು ನಡೆಯದೆ ಯಾರೂ ಬಾವಿ ತೋಡುವುದಿಲ್ಲವಲ್ಲ, ಹಾಗೆಯೇ ಕಾಯಿಯನ್ನು ಅಂಗೈ ಮೇಲೆ ಮಲಗಿಸಿ ಮ್ಯಾಪಿನ ಮೇಲೆ ಕೈಯಾಡಿಸಿದರು. ನಿನ್ನ ಕೆಂಪು ಗುರುತಿನ ಮೇಲೆ ಬಂದಾಗ ಕಾಯಿ ನೆಟ್ಟಗೆ ಎದ್ದು ನಿಂತಿತು! ನನಗೆ ಅಳುವೇ ಬಂತು. ಆಫೀಸು ನಿನ್ನ ಕಡೆ, ಸಾಹೇಬರು ನಿನ್ನ ಕಡೆ, ಕಡೆಗೆ ತೆಂಗಿನಕಾಯಿಯೂ ನಿನ್ನ ಕಡೆ.

ಬಾವಿಯನ್ನು ಪೂರ್ವಕ್ಕೆ ಸರಿಸು. ಆಗದಿದ್ದರೆ ವರದಿಯಿಂದ ನನ್ನ ಹೆಸರು ತೆಗೆ. ಎರಡರಲ್ಲಿ ಒಂದನ್ನು ಮಾಡುವ ತನಕ ಊಟ ಆಯಿತಾ ಅಂತ ಕೇಳಬೇಡ.

‘ನಿನ್ನವಳು’ ಅಂತ ಬರೆಯಲು ಕೈ ಏಳದ
ವಿನಯಾ

ತಾ.ಕ.: ಇದನ್ನು ಹೇಳಬಾರದು ಅಂತಿದ್ದೆ. ಮಾವ ಹೊರಟಾಗ ಬೇಲಿಯ ದಣಪೆಯ ಹತ್ತಿರ ತಡೆದು, ಕಾಯಿ ಅಲ್ಲೇ ಯಾಕೆ ಎದ್ದಿತು ಅಂತ ಕೇಳಿದೆ. ಅವರು ನಕ್ಕರು. “ನೆಲದ ಒಳಗೆ ಯಾರಿಗೆ ಕಾಣ್ತು ಕೂಸೆ? ಜಾಗದ ಯಜಮಾನನ ಕಣ್ಣು ಎಲ್ಲಿ ಹೋಗ್ತು, ಕಾಯಿ ಅಲ್ಲಿ ಏಳ್ತು. ನಿನ್ನ ಕಣ್ಣು ಆ ಕೆಂಪು ಬಿಟ್ಟು ಕದಲಿದ್ದೇ ಇಲ್ಲೆ” ಎಂದರು. ಕದಲಲಿಲ್ಲ, ಹೌದು. ಅದು ನೀನು ಹಾಕಿದ ಗುರುತು. ಅದನ್ನು ಹಾಕುವಾಗ ನೀನು ಯಾವ ಯಜಮಾನನ ಕಣ್ಣು ನೋಡುತ್ತಿದ್ದೆ?