ಮುಚ್ಚಿದ ಬಾಗಿಲಿಗೆ ಓದಿದವರು

ನವೆಂಬರ್ 16, ಭಾನುವಾರ

ನಾಳೆ ಪದ್ಮಕ್ಕ ಏನು ಹೇಳುತ್ತಾರೋ. ನಾನು ಅಡುಗೆ ಮಾಡುವ ಲಕ್ಷ್ಮೀಪುರಂನ ಈ ಪಿ.ಜಿ.ಯಿಂದ ಇಬ್ಬರು ಜಡ್ಜ್ ಕೆಲಸದ ಸಂದರ್ಶನಕ್ಕೆ ಬೆಂಗಳೂರಿಗೆ ಹೊರಟಿದ್ದಾರೆ. ರಕ್ಷಿತಾ ಅವರ ಮನೆಯಲ್ಲಿ ತಾತನಿಂದಲೂ ಎಲ್ಲರೂ ವಕೀಲರು. ಪದ್ಮಕ್ಕ ಈಗ ವಕೀಲರಾದರೂ ಮೊದಲು ಕೋರ್ಟಿನ ಸಮನ್ಸ್ ಹಿಡಿದು ಮನೆ ಮನೆ ತಿರುಗುವ ಅಮೀನರಾಗಿದ್ದರು.

ಸಂಜೆ ಊಟದ ಮೇಜಿನ ಹತ್ತಿರ ಸಂದರ್ಶನದ ಅಭ್ಯಾಸ ನಡೆಸಿದ್ದರು.

“ಸಮನ್ಸ್ ಅಂಟಿಸ್ತಿದ್ದೆ ಅಂತ ಹೇಳ್ಬುಟ್ಟೀರ ಮತ್ತೆ. ಕೋರ್ಟಲ್ಲಿ ಕೆಲಸ ಮಾಡ್ತಿದ್ದೆ ಅಂದ್ರೆ ಸಾಕು ಕಣ್ರೀ,” ಎಂದರು ರಕ್ಷಿತಾ.

ಪದ್ಮಕ್ಕ ತಲೆಯಾಡಿಸಿ ನನ್ನ ಕಡೆ ತಿರುಗಿದರು. “ಈಗ ನೀನೇ ಜಡ್ಜು. ಏನಾದ್ರೂ ಕೇಳಮ್ಮ.”

ಐದನೇ ಕ್ಲಾಸಿಗೇ ಬಿಟ್ಟವಳು ಏನು ಕೇಳಲಿ? ಸೌಟು ಹಿಡಿದುಕೊಂಡೇ ಕೇಳಿದೆ. “ಬಾಗಿಲು ತೆಗೀದೇ ಇದ್ರೆ ಏನ್ ಮಾಡ್ತಿದ್ರಿ ಅಕ್ಕ?”

“ಅಂಟಿಸ್ಬುಟ್ಟು, ಬಾಗಿಲ ಸಂದಿಗೆ ಬಾಯಿಟ್ಟು ಓದ್ತಿದ್ದೆ. ಒಳಗಿರೋರಿಗೆ ಓದಕ್ಕೆ ಬರುತ್ತೋ ಇಲ್ವೋ. ಬೀದಿಯೋರಿಗೆ ಕೇಳಿಸ್ದಂಗೆ, ಮೆಲ್ಲಗೆ.”

ಕಡಕೊಳದ ನಮ್ಮ ಮನೆ ಬಾಗಿಲಿಗೂ ಒಂದು ಕಾಗದ ಅಂಟಿಸಿದ್ದರು. ಒಳಗೆ ಉಸಿರು ಬಿಗಿಹಿಡಿದು ಕೂತಿದ್ದೆವು. ಆಚೆ ಯಾರೂ ಓದಲಿಲ್ಲ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ, ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಕೋರ್ಟಿಗೆ ಹೋಗುವ ದಿನ ತಪ್ಪಿತು, ಮನೆ ಹೋಯಿತು.

“ನಾಳೆ ಬಾಗಿಲ ಸಂದಿಗೆ ಓದಿದ್ದನ್ನೇ ಹೇಳಿ ಅಕ್ಕ” ಎಂದಷ್ಟೇ ಅಂದೆ.

ಪದ್ಮಕ್ಕ ಕೋರ್ಟಿನಲ್ಲಿ ಮಾಡುವಂತೆ ನನಗೆ ತಲೆಬಾಗಿದರು. “ಆಗಲಿ ಮಹಾಸ್ವಾಮಿ.”

ರಕ್ಷಿತಾ ನಕ್ಕರು. ಪದ್ಮಕ್ಕ ನಗಲಿಲ್ಲ.

ಬೆಳಿಗ್ಗೆ ಅವರ ರೈಲಿಗೆ ಮುಂಚೆ ಉಪ್ಪಿಟ್ಟು ಆಗಬೇಕು. ಬಾಗಿಲ ಸಂದಿಯಲ್ಲಿ ಓದಿದ ಆ ಬಾಯಿ, ಜಡ್ಜ್ ಕುರ್ಚಿಯಲ್ಲಿ ಕೂತು ಓದಿದರೆ, ಓದಲು ಬರದ ಅಪ್ಪನಂಥವರಿಗೂ ಕೇಳಿಸೀತು.