ಕಿಟ್ಟು ಮನೆಗೆ ಬರುವ ದೃಶ್ಯ

ಮಂಗಳೂರು
ನವೆಂಬರ್ ೧೮, ೨೦೨೪

ಪ್ರೀತಿಯ ಅಲೆಕ್ಸ್,

ದೋಹಾದ ಆಸ್ಪತ್ರೆಯಲ್ಲಿ ನಿನಗೀಗ ಯಾವ ಪಾಳಿ ಎಂಬುದೂ ನನಗೆ ಗೊತ್ತಿಲ್ಲ. ಫೋನಿನಲ್ಲಿ ನಮ್ಮ ಮಾತು ಎಲ್ಲಿಂದ ಹೊರಟರೂ ಜಗಳಕ್ಕೇ ಹೋಗಿ ಮುಟ್ಟುತ್ತದೆ. ಹಾಗಾಗಿ ಈ ಕಾಗದ. ನಡುನಡುವೆ ಎದ್ದು ಹೋಗಿ ಹೊರಗೆ ನೋಡಿ ಬರುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಬೆಂಗ್ರೆಯ ಮೀನುಗಾರ ಕಿಟ್ಟುವಿನ ಸುದ್ದಿಯ ಹಿಂದೆ ನಾನು ಬಿದ್ದಾಗಲೇ ಅಲ್ಲವೇ, "ನಿನಗೆ ಗಂಡ ಬೇಡ, ಸುದ್ದಿ ಸಾಕು" ಎಂದು ನೀನು ಹೊರಟದ್ದು? ಅದು ಏನಾಯಿತೆಂದು ನಿನಗೆ ಹೇಳಬೇಕು.

ಕಳೆದ ವರ್ಷ ಆ ಬೋಟು ಮುಳುಗಿದಾಗ ಉಳಿದವರೆಲ್ಲ ಬದುಕಿ ಬಂದರು. ಬೋಟು ನಡೆಸುತ್ತಿದ್ದ ಕಿಟ್ಟು ಬರಲಿಲ್ಲ, ಅವನ ಹೆಣವೂ ಸಿಗಲಿಲ್ಲ. ಅಲೆ ಜೋರಿತ್ತು ಎಂದ ಮಾಲೀಕ. ಎಲ್ಲರೂ ಅದನ್ನೇ ಬರೆದರು. ತಳದಲ್ಲಿ ನೀರು ಬರುತ್ತಿದೆಯೆಂದು ಕಿಟ್ಟು ಮೊದಲೇ ಹೇಳಿದ್ದ, ಮಾಲೀಕ ಕಿವಿಗೆ ಹಾಕಿಕೊಳ್ಳದೆ ಕಳಿಸಿದ ಎಂಬುದು ನನಗೆ ಗೊತ್ತಾಗಿತ್ತು. ಆದರೆ ಹೆಸರು ಕೊಟ್ಟು ಹೇಳಲು ಯಾರೂ ಸಿದ್ಧರಿರಲಿಲ್ಲ. ಕಿಟ್ಟುವಿನ ಹೆಂಡತಿ ಲಕ್ಷ್ಮಿ ಕೂಡ. ಅವಳ ಮೈದುನ ಕಮಲೇಶ್ ಅದೇ ಮಾಲೀಕನ ಇನ್ನೊಂದು ಬೋಟಿಗೆ ಹೋಗುತ್ತಿದ್ದ. ವರದಿ ನಿಂತಿತು. ನನಗೆ ಸುಮ್ಮನೆ ಕೂರಲಾಗಲಿಲ್ಲ. ಲಕ್ಷ್ಮಿಯನ್ನು ಕೇಳಿಯೇ, ಹೆಸರು ಬದಲಿಸಿ, ಅದನ್ನು ವೆಬ್ ಸೀರೀಸ್ ಮಾಡಲು ಚಿತ್ರಕಥೆ ಬರೆದೆ.

ನಿರ್ಮಾಪಕ ರೂಬನ್ ಕೊಡಿಯಾಲ್‌ಬೈಲಿನ ತನ್ನ ಆಫೀಸಿಗೆ ಕರೆದ. "ಸಾವಿನಲ್ಲಿ ಮುಗಿಸಿದ್ರೆ ಯಾರು ನೋಡ್ತಾರೆ ಮಾರಾಯ್ತಿ? ಅವನು ಮನೆಗೆ ಬರ್ಲಿ. ಮಾಲೀಕನನ್ನೂ ಸ್ವಲ್ಪ ಒಳ್ಳೆಯವ ಮಾಡು" ಎಂದ. ನಾನು ಎದ್ದು ಬಂದೆ. ನೇರ ಫೆರಿ ಹತ್ತಿ ಬೆಂಗ್ರೆಗೆ ಹೋದೆ. ಲಕ್ಷ್ಮಿ ಹಿತ್ತಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಕತೆ ವಾಪಸ್ ತೆಗೆಯುತ್ತೇನೆ, ಅವರಿಗೆ ಕಿಟ್ಟು ಬದುಕಿ ಬರಬೇಕಂತೆ ಎಂದೆ.

"ಬಂದ್ರೆ ಎಂತ ಅಕ್ಕ? ಅದರಲ್ಲಾದ್ರೂ ಬರ್ಲಿ" ಎಂದಳು.

ಮೀನು ಕೊಯ್ಯುತ್ತಲೇ ಮುಂದುವರಿಸಿದಳು: "ಆದ್ರೆ ಮಾಲೀಕ ಒಳ್ಳೆಯವ ಆಗ್ಬಾರ್ದು. ಇವರು ಅವನಿಗೆ ಫೋನಿನಲ್ಲಿ ನೀರು ಬರ್ತಾ ಉಂಟು ಅಂತ ಹೇಳುವಾಗ ನಾನು ಹತ್ತಿರವೇ ಇದ್ದೆ. ಪೇಪರಿನಲ್ಲಿ ಬರೀರಿ. ನನ್ನ ಹೆಸರು ಹಾಕಿ."

ಕಮಲೇಶನ ಕೆಲಸ ಹೋಗುತ್ತದಲ್ಲ ಎಂದೆ.

"ಅವನೂ ಅಂಥದ್ದೇ ಬೋಟಿನಲ್ಲಿ ಹೋಗುದಲ್ವಾ?"

ವರದಿ ಹೋದ ವಾರ ಬಂತು. ಕಮಲೇಶನ ಕೆಲಸ ಹೋಯಿತು. ಬದುಕಿ ಬಂದವರಲ್ಲಿ ಇಬ್ಬರು ತಾವಾಗಿ ಠಾಣೆಗೆ ಹೋಗಿ ಹೇಳಿಕೆ ಕೊಟ್ಟರು. ಮಾಲೀಕನ ಮೇಲೆ ಕೇಸು ದಾಖಲಾಗಿದೆ. ರೂಬನ್ ಮಾತ್ರ ತನಗೆ ಈ ರಗಳೆ ಬೇಡವೆಂದು ಸೀರೀಸ್ ಕೈಬಿಟ್ಟ.

ಆದರೂ ಕಿಟ್ಟು ಮನೆಗೆ ಬರುವ ದೃಶ್ಯ ಬರೆದೆ, ಅಲೆಕ್ಸ್. ಲಕ್ಷ್ಮಿಗೆ ಓದಿ ಹೇಳಿದೆ. ಹೆಂಡತಿ ಅಳುತ್ತಾ ಓಡಿ ಬರುತ್ತಾಳೆ ಎಂದು ಬರೆದಿದ್ದೆ. "ಅಳುದೆಲ್ಲ ಇಲ್ಲ ಅಕ್ಕ. ಮೊದಲು ಬೈತಿದ್ದೆ, ಇಷ್ಟು ದಿನ ಎಲ್ಲಿ ಸತ್ತಿದ್ರಿ ಅಂತ" ಎಂದು ನಕ್ಕಳು. ನಕ್ಕವಳು ಒಳಗೆ ಹೋಗಿ ತುಂಬ ಹೊತ್ತು ಹೊರಗೆ ಬರಲಿಲ್ಲ. ಅವಳ ಮಾತನ್ನೇ ಹಾಗೆಯೇ ಬರೆದುಕೊಂಡೆ. ಇನ್ನು ಅದನ್ನು ಯಾರೂ ಚಿತ್ರೀಕರಿಸುವುದಿಲ್ಲ.

ನಾನು ಕ್ಷೇಮ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಈಗಲೂ ನಿನ್ನ ಹೆಂಡತಿ,
ರೀಮಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ವರದಿ ಬಂದ ಮೇಲೆ ನಮ್ಮ ಫ್ಲ್ಯಾಟಿನ ಕೆಳಗೆ ಗುರುತಿಲ್ಲದ ಗಂಡಸರು ಬಂದು ನಿಲ್ಲುತ್ತಿದ್ದರು. ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಈಗ ನಾನಿರುವುದು ಲಕ್ಷ್ಮಿಯ ಮನೆಯಲ್ಲಿ. ಅವಳೇ ಬಂದು ಕರೆದುಕೊಂಡು ಬಂದಳು. ಮಮ್ಮಿಗೆ ಹೇಳಬೇಡ. ಇದರ ಕೆಳಗೆ "ಬಾ" ಎಂದು ಬರೆದು, ಮೇಲೆ ಗೆರೆ ಎಳೆದು ಹೊಡೆದು ಹಾಕಿದ್ದೇನೆ. ಆದರೂ ಓದಲಿಕ್ಕೆ ಆಗುತ್ತದೆ, ಅಲ್ಲವೇ?